ಹಲ್ಲಿನ ಅಂಗಿ ಒಗೆಯುವ ಕೆಲಸ

ನಮ್ಮ ಕಡೆ ಹಲ್ಲಿಗೆ ಹೇಳಿಕೊಳ್ಳುವಂಥ ಕೆಲಸವೇನೂ ಇಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ಊಟಕ್ಕೆ ಕೂತರೂ ತಟ್ಟೆಗೆ ಮೊದಲು ಬಂದು ಬೀಳುವುದು ಮುದ್ದೆ. ಮುದ್ದೆಯನ್ನು ಅಗಿಯುವ ಹಾಗಿಲ್ಲ. ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನಾಲಿಗೆಯ ಮೇಲಿಟ್ಟು ಗುಳುಂ ಎನ್ನಿಸಬೇಕು. ಒಮ್ಮೆ ಉತ್ತರ ಕರ್ನಾಟಕದಿಂದ ಬಂದಿದ್ದ ನೆಂಟರೊಬ್ಬರು ನಮ್ಮ ಮನೆಯಲ್ಲಿ ಮುದ್ದೆಯನ್ನು ರೊಟ್ಟಿಯ ಹಾಗೆ ಶ್ರದ್ಧೆಯಿಂದ ಅಗಿದು, ಅದು ಹಲ್ಲಿಗೆಲ್ಲ ಮೆತ್ತಿಕೊಂಡು, ಮಾತೇ ಹೊರಡದೆ ಕಣ್ಣು ಕಣ್ಣು ಬಿಡುತ್ತಾ ಕೂತರು. ನಮ್ಮ ಅತ್ತೆ ನೀರಿನ ಲೋಟ ಮುಂದಿಟ್ಟು, “ನುಂಗ್ಬುಡಿ, ಏನೂ ಆಗಾಕಿಲ್ಲ” ಎಂದು ಧೈರ್ಯ ಹೇಳಿದರು. ಹೀಗೆ ಎರಡು ಹೊತ್ತೂ ನುಂಗಿಯೇ ಬದುಕುವ ನಮಗೆ ಹಲ್ಲು ಎಂದರೆ ಬಾಯಿಯ ಬಾಗಿಲಲ್ಲಿ ಸುಮ್ಮನೆ ಕೂತ ಯಜಮಾನರು. ದುಡಿಮೆ ಕಡಿಮೆ, ದರ್ಬಾರು ಜಾಸ್ತಿ.

ನನ್ನ ಮುಂದಿನ ಹಲ್ಲುಗಳೋ ಬಾಗಿಲೂ ಸಾಲದೆ ಜಗುಲಿಗೇ ಬಂದು ಕೂತಿದ್ದವು. ಓದುವ ಕಾಲದಲ್ಲಿ ನನ್ನನ್ನು ‘ತುರಿಮಣೆ’ ಎನ್ನುತ್ತಿದ್ದರು. ಎಲ್ಲಿ ತೆಂಗಿನಕಾಯಿ ಕಂಡರೂ ಯಾರಾದರೊಬ್ಬರು ನನ್ನ ಕಡೆ ತಿರುಗಿ ಕಿಸಕ್ಕನೆ ನಗುತ್ತಿದ್ದರು. ಆಗಲೇ ನನ್ನ ಬಲಗೈ ಬಾಯಿಯ ಮೇಲೆ ಹೋಗಿ ಕೂರುವುದನ್ನು ಕಲಿತದ್ದು. ನಗು ಬರುವ ಮೊದಲೇ ಕೈ ಎದ್ದಿರುತ್ತಿತ್ತು. ನನ್ನ ತವರು ಪಾವಗಡದ ಕಡೆ. ಅಲ್ಲಿಯ ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮೂರಿನವರ ಹಲ್ಲಿನ ಮೇಲೆ ಕಂದು ಗೆರೆ ಮೂಡಿರುತ್ತದೆ, ಎಲ್ಲರಿಗೂ ಇರುವುದರಿಂದ ಹಲ್ಲಿನ ಬಣ್ಣವನ್ನು ಯಾರೂ ಆಡಿಕೊಳ್ಳುವುದಿಲ್ಲ. ಬಣ್ಣಕ್ಕೆ ಸಿಕ್ಕ ಈ ರಿಯಾಯಿತಿ ಆಕಾರಕ್ಕೆ ಸಿಗಲಿಲ್ಲವಲ್ಲ ಎನ್ನುವುದೇ ನನ್ನ ಹಳೆಯ ಸಂಕಟ. ಮಧುಗಿರಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು ಕೊಟ್ಟು ಕಾಫಿ ಲೋಟ ವಾಪಸು ತೆಗೆದುಕೊಳ್ಳುವವರೆಗೂ ತುಟಿ ಬಿಗಿದೇ ಕೂತಿದ್ದೆ. “ಹುಡುಗಿ ಭಾಳ ಗಂಭೀರ” ಎಂದು ನಮ್ಮ ಅತ್ತೆ ಮೆಚ್ಚಿಕೊಂಡರಂತೆ. ಆ ಗಂಭೀರ ಹುಡುಗಿಯನ್ನು ಅವರು ಇವತ್ತಿಗೂ ಮನೆಯಲ್ಲೆಲ್ಲ ಹುಡುಕುತ್ತಿದ್ದಾರೆ.

ಇಷ್ಟು ವರ್ಷ ಕೈ ಅಡ್ಡ ಹಿಡಿದು ಹೇಗೋ ಸಂಸಾರ ಸಾಗಿಸಿದವಳಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಹಲ್ಲು ಸರಿಮಾಡಿಸಿಕೊಳ್ಳುವ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಕೇಳಬೇಕು. ನಾನು ಕೊರಟಗೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಮಕ್ಕಳ ದಿನಾಚರಣೆಯ ದಿನ ಹೆಡ್‌ಮಾಸ್ಟರು ನನ್ನ ತರಗತಿಯ ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ, ಮಧ್ಯೆ ನನ್ನನ್ನೂ ಕೂರಿಸಿ, “ಎಲ್ರೂ ನಗ್ರಪ್ಪಾ” ಎಂದು ಮೊಬೈಲಿನಲ್ಲಿ ಫೋಟೊ ತೆಗೆದರು. ಸಂಜೆ ಅದನ್ನು ಮನೆಯಲ್ಲಿ ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡವರು, ಯಾವ ಚಿತ್ರ ಸಿಕ್ಕರೂ ಮೊದಲು ದೊಡ್ಡದು ಮಾಡಿ ನೋಡುವುದು ಅಭ್ಯಾಸ. ದೊಡ್ಡದು ಮಾಡಿದರು, ಆ ಕಡೆಯಿಂದ ಈ ಕಡೆಗೆ ಎಳೆದರು, ಆಮೇಲೆ ಕೇಳಿದರು: “ಏನೇ ಇದು, ನಿಮ್ಮ ಸ್ಕೂಲಲ್ಲಿ ಎಲ್ಲಾ ಮಕ್ಳಿಗೂ ಒಟ್ಟಿಗೇ ಹಲ್ಲುನೋವು ಬಂದೈತಾ?”

ನೋಡಿದರೆ, ಹೌದು! ಮೆಟ್ಟಿಲ ಮೇಲಿನ ಅಷ್ಟೂ ಮಕ್ಕಳೂ ಬಲಗೈಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿವೆ. ಗಂಡು ಹುಡುಗರೂ ಬಿಟ್ಟಿಲ್ಲ. ಮಧ್ಯೆ ನಾನು, ಅದೇ ಕೈ, ಅದೇ ಭಂಗಿ. ಅ ಆ ಇ ಈ ಕಲಿಸಲು ನಾನು ಪಡುವ ಪಾಡು ದೇವರಿಗೇ ಗೊತ್ತು. ಇದನ್ನು ಮಾತ್ರ ಒಂದು ಮಾತೂ ಆಡದೆ ಕಲಿಸಿಬಿಟ್ಟಿದ್ದೆ. ನಗಬೇಕಾದರೆ ಬಾಯಿ ಮುಚ್ಚಿಕೊಳ್ಳಬೇಕು, ಅದು ಮರ್ಯಾದೆ ಎಂದು ಆ ಕಂದಮ್ಮಗಳು ತಿಳಿದಿದ್ದವು. ನನಗೆ ನಗು ಬರಲಿಲ್ಲ. ನನ್ನ ಹಲ್ಲಿಗೆ ನಾನು ನಾಚಿಕೊಂಡೆ, ಸರಿ. ಅವಕ್ಕೇನು ಬಂದಿತ್ತು ರೋಗ, ಮುತ್ತಿನಂಥ ಹಲ್ಲು ಇಟ್ಟುಕೊಂಡು?

ಹಾಗಾದರೆ ಕೈ ಕೆಳಗಿಟ್ಟುಕೊಂಡು ನಗಮ್ಮಾ, ಅದಕ್ಕೇನು ಖರ್ಚು ಎಂದು ನೀವು ಹೇಳುತ್ತೀರಿ. ನಾನೂ ಹೇಳಿಕೊಂಡೆ. ಮಾರನೆಯ ದಿನ ತರಗತಿಯಲ್ಲಿ ಎರಡೂ ಕೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದು ನಕ್ಕು ತೋರಿಸಲು ಹೊರಟೆ. ಕೈ ಏಳದಿದ್ದರೆ ನಗುವೇ ಹೊರಡುವುದಿಲ್ಲ ಎಂದು ಆಗ ಗೊತ್ತಾಯಿತು. ತುಟಿ ಅಲುಗಿತು, ಮುಖ ಕೆಂಪಗಾಯಿತು, ಮುಂದಿನ ಸಾಲಿನಲ್ಲಿದ್ದ ಭೂಮಿಕಾ ಎಂಬ ಹುಡುಗಿ ಗಾಬರಿಯಾಗಿ “ಮಿಸ್ಸಿಗೆ ಹುಸಾರಿಲ್ಲ ಕಣ್ರೋ” ಎಂದು ಸಾರಿದಳು. ಸರಿ, ಮೊದಲು ಹಲ್ಲು ಒಳಗೆ ಹೋಗಬೇಕು, ಆಮೇಲೆ ಕೈ ಕೆಳಗಿಳಿಯುತ್ತದೆ, ಆಮೇಲೆ ಮಕ್ಕಳ ಕೈಯೂ ಇಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಆದರೆ ಬೇಗ ಆಗಬೇಕಿತ್ತು. ಆ ವಯಸ್ಸಿನಲ್ಲಿ ಹಿಡಿದ ಅಭ್ಯಾಸ ಎಷ್ಟು ವರ್ಷ ಬಿಡುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಮಧುಗಿರಿಯ ಒಂದು ಹಲ್ಲಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಒಬ್ಬರು ಡಾಕ್ಟರಮ್ಮ ಬರುತ್ತಾರೆ. ಕರಾವಳಿ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಮಾತು ಬಹಳ ನಯ. ತಂತಿ ಕಟ್ಟಬೇಕೆನ್ನುತ್ತಾರೇನೋ ಎಂದು ನಡುಗುತ್ತಾ ಹೋದವಳಿಗೆ ಅವರು ಗಾಜಿನಂತೆ ಹೊಳೆಯುವ ಒಂದು ತೆಳು ಪ್ಲಾಸ್ಟಿಕ್ ಅಚ್ಚು ತೋರಿಸಿ, “ಇದು ಅಲೈನರ್. ಹಾಕಿಕೊಂಡದ್ದು ಯಾರಿಗೂ ಕಾಣುವುದಿಲ್ಲ. ನಾನು ಬಂದಾಗಲೆಲ್ಲ ಒಂದೊಂದರಂತೆ ಬದಲಾಯಿಸುತ್ತಾ ಹೋದರೆ ಹಲ್ಲು ನಿಧಾನ ಒಳಗೆ ಸರಿಯುತ್ತದೆ” ಎಂದರು. ಕಾಣುವುದಿಲ್ಲ ಎನ್ನುವ ಮಾತಿಗೇ ನಾನು ಬಿದ್ದುಹೋದೆ. ನನ್ನ ಚೀಟಿ ದುಡ್ಡು ಅದಕ್ಕೇ ಹೋಯಿತು. ಅಚ್ಚು ಬಾಯಿಗೆ ಬಂದ ದಿನ ಯಜಮಾನರು ಟಾರ್ಚು ಹಾಕಿ ನೋಡಿ, “ಓ, ಹಲ್ಲಿಗೆ ಲ್ಯಾಮಿನೇಷನ್ ಮಾಡಿಸ್ಕೊಂಡಿದೀಯ. ನನ್ನ ಅಂಗಡೀಲೇ ಮಾಡ್ಕೊಡ್ತಿದ್ನಲ್ಲೇ” ಎಂದರು. ಅತ್ತೆಯ ಅಭಿಪ್ರಾಯ ಇನ್ನೂ ನೇರ: “ಈ ವಯಸ್ಸಲ್ಲಿ ಹಲ್ಲು ನೆಟ್ಟಗೆ ಮಾಡ್ಕಂಡು ಯಾರ್ಗೆ ತೋರಿಸ್ಬೇಕಮ್ಮ? ಇದೊಂದು ಸಲ ಆಯ್ತು. ಕೆಟ್ಟೋಯ್ತು, ಇನ್ನೊಂದು ಮಾಡುಸ್ಬೇಕು ಅಂದ್ರೆ ಈ ಮನೇಲಿ ಮಾತೆತ್ತಂಗಿಲ್ಲ.” ಅಂದರೆ ನನಗಿದ್ದದ್ದು ಒಂದೇ ಅವಕಾಶ.

ಡಾಕ್ಟರಮ್ಮ ಹೇಳಿಕೊಟ್ಟ ನಿಯಮಗಳು ಸರಳವಾಗಿಯೇ ಇದ್ದವು. ಹಗಲು ರಾತ್ರಿ ಹಾಕಿಕೊಂಡೇ ಇರಬೇಕು, ಬಿಸಿನೀರು ಸೋಕಿಸಬಾರದು, ದಿನವೂ ತೊಳೆಯಬೇಕು, “ಏನಾದರೂ ಅಗಿಯುವಾಗ ತೆಗೆದಿಡಿ.” ನಾನು ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದೆ. ಇಡ್ಲಿಗೆ ತೆಗೆದೆ, ಚಪಾತಿಗೆ ತೆಗೆದೆ, ಕಡಲೆಕಾಯಿ ಬೀಜಕ್ಕಂತೂ ಎರಡೆರಡು ಸಲ ತೆಗೆದೆ. ಮುದ್ದೆಗೆ ತೆಗೆಯಲಿಲ್ಲ. ಯಾಕೆ ತೆಗೆಯಬೇಕು? ಮುದ್ದೆಯನ್ನು ಅಗಿಯುವವರು ಯಾರು? ನಾಲಿಗೆಯ ಮೇಲಿಂದ ನೇರ ಗಂಟಲಿಗೆ ಹೋಗುವ ಪದಾರ್ಥಕ್ಕೂ ಹಲ್ಲಿಗೂ ಏನು ಸಂಬಂಧ? ಅಚ್ಚು ತೆಗೆಯದೆಯೇ ದಿನಕ್ಕೆರಡು ಮುದ್ದೆ, ಒಂದು ದಿನ ಬಸ್ಸಾರು, ಒಂದು ದಿನ ಉಪ್ಪೆಸರು, ಭಾನುವಾರ ಅವರೆಕಾಳಿನ ಹುಳಿ, ಹೀಗೆ ಸುಖವಾಗಿ ನುಂಗಿದೆ. ಡಾಕ್ಟರಮ್ಮನ ಮಾತನ್ನು ಅಕ್ಷರಶಃ ಪಾಲಿಸುತ್ತಿರುವ ಇಂಥ ರೋಗಿ ಅವರಿಗೆ ಇನ್ನೊಬ್ಬಳು ಸಿಗಲಾರಳು ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಮುದ್ದೆ ಗಂಟಲಿಗೆ ಹೋಗುತ್ತದೆ, ನಿಜ. ಸಾರು ಹಾಗಲ್ಲ, ಅದು ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹೋಗುತ್ತದೆ. ಕೆಲವೇ ದಿನಕ್ಕೆ ಕಾಣದಂಥ ಅಲೈನರ್ ಬೀದಿಯ ಆ ತುದಿಯಿಂದ ಕಾಣತೊಡಗಿತು. ಅರಿಶಿನ ಕುಡಿದು ಕುಡಿದು ಅದು ಮದುಮಗಳ ಹಾಗೆ ಹಳದಿಯಾಗಿತ್ತು. ಬೆಳ್ಳುಳ್ಳಿ ವಾಸನೆ ಬೇರೆ. ಅದರ ಮೇಲೆ ನಮ್ಮೂರ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ, ನಲ್ಲಿಯ ಬಾಯಿಗೆ ಹಿಡಿಯುವಂಥದ್ದೇ ಬಿಳಿ ಪದರ. ಉಬ್ಬುಹಲ್ಲು ಮುಚ್ಚಿಕೊಳ್ಳಲು ಒಂದು ಕೈ ಸಾಕಾಗುತ್ತಿತ್ತು, ಈಗ ಎರಡೂ ಬೇಕಾಯಿತು. ಯಜಮಾನರು ನೋಡಿ, “ಲ್ಯಾಮಿನೇಷನ್ ಒಳಗೆ ನೀರು ಹೋಗೈತೆ” ಎಂದು ತಾಂತ್ರಿಕ ವರದಿ ಕೊಟ್ಟರು.

ಅಲೈನರ್ ತೊಳೆಯಲೆಂದೇ ಒಂದು ಗುಳಿಗೆ ಬರುತ್ತದೆ, ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬಂದು ಕೊಳೆಯನ್ನೆಲ್ಲ ಬಿಡಿಸುತ್ತದೆ ಎಂದು ಮೊಬೈಲಿನಲ್ಲಿ ಕಂಡಿತು. ಬೆಲೆಯೂ ಕಂಡಿತು. ಯಜಮಾನರ ಮುಂದೆ ಹಿಡಿದೆ. “ಸೋಡಾ ಕುಡಿಯೋಕೇ ನಾವು ಹಿಂದೆ ಮುಂದೆ ನೋಡ್ತೀವಿ, ನಿನ್ನ ಹಲ್ಲಿನ ಕವರ್ರಿಗೆ ದಿನಾ ಸೋಡಾ ಕುಡಿಸ್ಬೇಕಾ?” ಎಂದರು. ಮಾತಿನಲ್ಲಿ ನ್ಯಾಯವಿತ್ತು, ಅದೇ ಕಷ್ಟ. ಮನೆಯಲ್ಲಿ ಇರುವುದರಲ್ಲೇ ತೊಳೆದು ತೋರಿಸುತ್ತೇನೆ ಎಂದು ಸೆರಗು ಸಿಕ್ಕಿಸಿದೆ. ಮೊದಲು ಪೇಸ್ಟು ಹಚ್ಚಿ, ಬಟ್ಟೆಯ ಕಾಲರ್ ಉಜ್ಜುವ ಉತ್ಸಾಹದಲ್ಲಿ ಹಳೆಯ ಬ್ರಶ್ಶಿನಿಂದ ಉಜ್ಜಿದೆ. ಹಳದಿ ಹೋಗಲಿಲ್ಲ, ಹೊಳಪು ಹೋಯಿತು. ಮೈತುಂಬ ಗೀರು ಬಿದ್ದು, ಆ ಗೀರಿನ ಸಂದಿಯಲ್ಲೆಲ್ಲ ಮಾರನೆಯ ದಿನದ ಬಸ್ಸಾರು ನೆಮ್ಮದಿಯಾಗಿ ಮನೆ ಮಾಡಿತು.

ಆಗ ರಂಗಕ್ಕೆ ಇಳಿದವರು ಅತ್ತೆ. ಅವರು ಶಿರಾ ಕಡೆಯ ಬುಕ್ಕಾಪಟ್ಟಣದವರು. ತವರಿನಿಂದ ತಂದ ಹಿತ್ತಾಳೆ ಕೊಡ, ದೇವರ ಮನೆಯ ದೀಪ, ಪೂಜೆಯ ತಟ್ಟೆ, ಎಲ್ಲವನ್ನೂ ಸೋಮವಾರ ಬೆಳಿಗ್ಗೆ ಮುಖ ಕಾಣುವ ಹಾಗೆ ಬೆಳಗಿಡುತ್ತಾರೆ. ಜಗತ್ತಿನಲ್ಲಿ ಹುಣಸೆಹಣ್ಣಿಗೆ ಬಗ್ಗದ ಕೊಳೆಯಿಲ್ಲ ಎನ್ನುವುದು ಅವರ ಸಿದ್ಧಾಂತ. “ಕೊಡು ಇಲ್ಲಿ, ನಿಂಗೇನು ಗೊತ್ತಾಯ್ತದೆ” ಎಂದು ಅಲೈನರನ್ನು ಕೈಗೆ ತೆಗೆದುಕೊಂಡು, ಹುಣಸೆಹಣ್ಣು ಉಪ್ಪು ಸೇರಿಸಿ ದೀಪದ ಕಂಬವನ್ನು ತಿಕ್ಕುವಷ್ಟೇ ಭಕ್ತಿಯಿಂದ ತಿಕ್ಕಿದರು. ಬಿಳಿ ಪದರ ಸ್ವಲ್ಪ ಕರಗಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಹಳದಿ ಮಾತ್ರ ಕುಳಿತ ಜಾಗ ಬಿಟ್ಟು ಏಳಲಿಲ್ಲ. ಅವತ್ತಿಡೀ ತರಗತಿಯಲ್ಲಿ ಮಗ್ಗಿ ಹೇಳಿಸುವಾಗ ನನ್ನ ಬಾಯಲ್ಲಿ ಪುಳಿಯೋಗರೆ ಗೊಜ್ಜಿನ ನೀರೂರುತ್ತಿತ್ತು. “ಒಂದು ಕುದಿ ಕುದ್ಸಿಬುಟ್ರೆ ಆಯ್ತದೆ, ಹಾಲಿನ ಪಾತ್ರೆ ಕುದ್ಸಲ್ವಾ?” ಎಂದು ಅತ್ತೆ ಒಲೆಯ ಕಡೆ ಹೊರಟಾಗ ನಾನು ಅಡ್ಡ ನಿಂತೆ. ಬಿಸಿನೀರು ಕೂಡದು ಎಂದು ಡಾಕ್ಟರಮ್ಮ ಹೇಳಿದ್ದಾರೆ, ಆ ಒಂದು ನಿಯಮವನ್ನು ನಾನು ಪ್ರಾಣ ಹೋದರೂ ಮುರಿಯುವವಳಲ್ಲ ಎಂದು ಸಾರಿದೆ.

ಸಮಾಧಾನಕ್ಕೆಂದು ಪಾವಗಡದಲ್ಲಿರುವ ನಮ್ಮಮ್ಮನಿಗೆ ಫೋನು ಮಾಡಿದರೆ, ಅವಳಿಗೆ ವಿಷಯ ಅರ್ಥವಾಗುವುದಕ್ಕೇ ಅರ್ಧ ಗಂಟೆ ಬೇಕಾಯಿತು. “ಏಮ್ಮಾ, ಹಲ್ಲು ಬಿಚ್ಚಿ ತೊಳೀತೀಯಾ? ಅಯ್ಯೋ ದೇವುಡಾ!” ಎಂದು ಗಡಿಯೂರಿನ ತೆಲುಗು ಬೆರೆಸಿ ಮೊದಲು ಒಂದು ಸುತ್ತು ಅತ್ತಳು. ಹಲ್ಲಲ್ಲ, ಅದರ ಮೇಲಿನ ಹೊದಿಕೆ ಎಂದು ಬಿಡಿಸಿ ಹೇಳಿದ ಮೇಲೆ ಮೂಗೊರೆಸಿಕೊಂಡು, “ಅಂಗನ್ನು ಮತ್ತೆ! ಅರಿಶಿನದ ಕಲೆ ತಾನೆ? ಎಂಡಲೋ ಪೆಟ್ಟು, ಬಿಸಿಲಿಗಿಡೇ. ಸೀರೆ ಮೇಲೆ ಸಾರು ಚೆಲ್ಲಿದ್ರೆ ಏನ್ ಮಾಡ್ತೀವಿ?” ಎಂದಳು.

ಹೌದಲ್ಲ! ಬಟ್ಟೆಯ ಮೇಲಿನ ಅರಿಶಿನದ ಕಲೆಗೆ ಸೋಪು ಸೋತರೂ ಬಿಸಿಲು ಸೋಲುವುದಿಲ್ಲ ಎಂದು ನಮ್ಮ ಕಡೆಯ ಎಲ್ಲ ಹೆಂಗಸರಿಗೂ ಗೊತ್ತು. ಬಿಸಿಲೊಂದು ನಮ್ಮಲ್ಲಿ ಬೇಕಾದಷ್ಟಿದೆ, ಅದಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನೂ ಅತ್ತೆಯೂ ಒಮ್ಮತದಿಂದ ಮಹಡಿ ಹತ್ತಿದೆವು. ಒಂದು ಕಡೆ ಅತ್ತೆಯ ಸಂಡಿಗೆ ಒಣಗುತ್ತಿತ್ತು. ಧೂಳಾಗದಿರಲೆಂದು ಅಲೈನರನ್ನು ಫಳಫಳ ಹೊಳೆಯುವ ಸ್ಟೀಲ್ ತಟ್ಟೆಯಲ್ಲಿಟ್ಟವಳು ನಾನೇ. ಅದು ನನ್ನದೇ ಬುದ್ಧಿ, ಅತ್ತೆಯ ತಲೆಗೆ ಕಟ್ಟುವುದಿಲ್ಲ. ಕಾಗೆ ಎತ್ತಿಕೊಂಡು ಹೋಗದಿರಲೆಂದು ಅತ್ತೆ ಛತ್ರಿ ಹಿಡಿದು ಕಾವಲು ಕೂತರು. ಎದುರಿಗೆ ಬೆಟ್ಟ ಸುಟ್ಟ ಹೆಂಚಿನಂತೆ ಕಾಯುತ್ತಿತ್ತು. ನಾನು ಕೆಳಗೆ ಬಂದು, ಬರಿಯ ಹಲ್ಲಿನಲ್ಲಿ ನಿಶ್ಚಿಂತೆಯಿಂದ ಕಡಲೆಕಾಯಿ ತಿಂದೆ.

ಬಿಸಿಲಿಳಿದ ಮೇಲೆ ಮಹಡಿಯಿಂದ ಅತ್ತೆ ಕೂಗಿದರು: “ಗಿರಿಜಾ, ಓಡ್ಬಾರಮ್ಮ, ಹಳದಿ ಹೊಂಟೋಗೈತೆ!” ಓಡಿದೆ. ನಿಜ, ಹಳದಿ ಪೂರ್ತಿ ಹೋಗಿತ್ತು. ಅಲೈನರ್ ಸ್ವಚ್ಛವಾಗಿ, ಶುಭ್ರವಾಗಿ ಹೊಳೆಯುತ್ತಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಹಿಗ್ಗಿದೆವು. ಮದುವೆಯಾದ ಮೇಲೆ ನಮ್ಮಿಬ್ಬರ ಅಭಿಪ್ರಾಯ ಅಷ್ಟು ಚೆನ್ನಾಗಿ ಕೂಡಿದ್ದು ಅದೇ ಮೊದಲು. ಆಮೇಲೆ ಅದನ್ನು ಬಾಯಿಗೆ ಹಾಕಿಕೊಳ್ಳಲು ಹೋದೆ. ಬಲಗಡೆ ಕೂತರೆ ಎಡಗಡೆ ಏಳುತ್ತದೆ, ಎಡಗಡೆ ಒತ್ತಿದರೆ ಮುಂದುಗಡೆ ಹಾರುತ್ತದೆ. ತಟ್ಟೆಯ ಕಾವಿಗೆ ಅದು ಪಕ್ಕದಲ್ಲಿದ್ದ ಸಂಡಿಗೆಯ ಹಾಗೇ ಸೊಟ್ಟಗೆ ಮುದುರಿಕೊಂಡಿತ್ತು. ಬಿಸಿನೀರು ಸೋಕಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದವಳು ಅದನ್ನು ಬಾಣಲೆಗೇ ಹಾಕಿದ್ದೆ. ಸಂಜೆ ಯಜಮಾನರು ಬಂದು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, “ಪ್ಲಾಸ್ಟಿಕ್ಕು ಕಣೇ, ಕಾವಿಗೆ ಮುದುರ್ಕೊಳ್ದೆ ಇನ್ನೇನಾಗುತ್ತೆ? ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?” ಎಂದರು. ಕೇಳಬೇಕಾದ್ದು ಬಿಟ್ಟು ಉಳಿದ ಎಲ್ಲದಕ್ಕೂ ಅವರನ್ನು ಕೇಳುವವಳು ನಾನು.

ಅವತ್ತು ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ಕಿಗೆ ಅಳುವುದಾ ಎಂದು ಯಾರಾದರೂ ನಕ್ಕಾರು, ನನಗೆ ಕಣ್ಣ ಮುಂದೆ ಬಂದದ್ದು ಮೆಟ್ಟಿಲ ಮೇಲೆ ಸಾಲಾಗಿ ಕೂತು ಬಾಯಿ ಮುಚ್ಚಿಕೊಂಡು ನಗುವ ಮಕ್ಕಳು. ಮೊದಲಿಂದ ಶುರು ಮಾಡಬೇಕು ಎಂದರೆ ದುಡ್ಡಿಲ್ಲ, ಮನೆಯಲ್ಲಿ ಮಾತೆತ್ತುವ ಹಾಗೂ ಇಲ್ಲ. ಅತ್ತೆ ನನ್ನ ಪಕ್ಕ ಬಂದು ಕೂತರು. “ಬೇಕಾದ್ರೆ ಡಾಕ್ಟರಮ್ಮಂಗೆ ನನ್ ಹೆಸ್ರು ಹೇಳ್ಬುಡು. ಮುದುಕಿ, ತಿಳೀದೆ ಮಾಡ್ಬುಟ್ಳು ಅನ್ನು. ನಂಗೆ ಬೈದ್ರೆ ನಂಗೇನು, ಕಿವಿ ಅರ್ಧ ಕೇಳ್ಸಾಕಿಲ್ಲ” ಎಂದರು. ಮಾತೆತ್ತುವ ಹಾಗಿಲ್ಲ ಎಂದವರೇ ಅವರು. ನನಗೆ ಇನ್ನಷ್ಟು ಅಳು ಬಂತು.

ಡಾಕ್ಟರಮ್ಮ ಬರುವ ದಿನ ಸೊಟ್ಟ ಅಲೈನರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದೆ. ಅತ್ತೆಯ ಹೆಸರು ಹೇಳಲಿಲ್ಲ. ಮುದ್ದೆಯಿಂದ ಮಹಡಿಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಗದರುತ್ತಾರೆಂದು ಕಾದರೆ, ಅವರು ಹುಣಸೆಹಣ್ಣನ್ನೂ ಬಿಟ್ಟು, ಬಿಸಿಲನ್ನೂ ಬಿಟ್ಟು ಒಂದೇ ಕಡೆ ನಿಂತುಬಿಟ್ಟರು. “ಒಂದು ನಿಮಿಷ. ಮುದ್ದೆಯನ್ನು ನೀವು ಅಗಿಯುವುದೇ ಇಲ್ಲವಾ? ಸುಮ್ಮನೆ ನುಂಗುವುದಾ? ಅಷ್ಟು ದೊಡ್ಡದನ್ನು?” ಒಂದೊಂದೇ ತುತ್ತು ಎಂದು ನಾನು ಕೈಯಲ್ಲಿ ತೋರಿಸಿದೆ. “ನಾನು ಬಂದಾಗಿನಿಂದ ಅಗಿದು ತಿನ್ನುತ್ತಿದ್ದೇನೆ ಮಾರಾಯ್ರೆ! ಹೋಟೆಲಿನವರು ಯಾಕೆ ನನ್ನನ್ನು ಹಾಗೆ ನೋಡುತ್ತಾರೆ ಎಂದು ಈಗ ಗೊತ್ತಾಯಿತು” ಎಂದು ಅವರು ತಲೆ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನನ್ನ ಬಾಯಿ ನೋಡಿದರು, ಬಹಳ ಹೊತ್ತು ನೋಡಿದರು. “ಇದರ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಹಲ್ಲು ಚೆನ್ನಾಗಿ ಸರಿದಿವೆ. ಮುಂದಿನದನ್ನು ಇವತ್ತೇ ಹಾಕಿಬಿಡುವ, ಏನೂ ಮೊದಲಿಂದ ಮಾಡಬೇಕಾಗಿಲ್ಲ” ಎಂದರು. ಆ ಹೆಣ್ಣುಮಗಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕೆನ್ನಿಸಿತು.

ತೊಳೆಯುವ ವಿದ್ಯೆಯನ್ನೂ ಅವರೇ ಹೇಳಿಕೊಟ್ಟರು. ಚಿಕ್ಕ ಮಕ್ಕಳ ಮೆತ್ತನೆಯ ಬ್ರಶ್ಶು, ತಣ್ಣೀರು, ಬಣ್ಣವಿಲ್ಲದ ಕೈ ತೊಳೆಯುವ ಸೋಪಿನ ಒಂದು ತೊಟ್ಟು. ಬಿಳಿ ಪದರ ಕಟ್ಟಿದರೆ ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಕೊಂಚ ಹೊತ್ತು ನೆನೆಹಾಕಿ ತೊಳೆಯುವುದು. ಮುದ್ದೆಯಾದರೂ ಸರಿ, ಅಮೃತವಾದರೂ ಸರಿ, ಬಾಯಿಗೆ ಏನು ಹೋದರೂ ಅಲೈನರ್ ಹೊರಗೆ. ಅಷ್ಟೇ. ಇಡೀ ಮನೆ ಸೇರಿ ನಡೆಸಿದ ಪ್ರಯೋಗಗಳಿಗಿಂತ ಇದಕ್ಕೆ ಕಡಿಮೆ ಖರ್ಚು. ನಾನು ಖುಷಿಯಿಂದ ಏಳುವಾಗ ಅವರು, “ಸ್ಕೂಲಿನಲ್ಲಿ ಊಟದ ನಂತರ ಎಲ್ಲಿ ತೊಳೆಯುತ್ತೀರಿ?” ಎಂದು ಕೇಳಿದರು. ತೊಳೆಯುತ್ತಿರಲಿಲ್ಲ. ಆಫೀಸ್ ರೂಮಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು, ಬೇಗ ಉಂಡು, ಬಾಯಿ ಮುಕ್ಕಳಿಸಿ ಹಾಗೇ ಹಾಕಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಇರುವುದು ಒಂದೇ ನಲ್ಲಿ, ಅದೂ ಅಂಗಳದಲ್ಲಿ, ಮಕ್ಕಳು ತಟ್ಟೆ ತೊಳೆಯುವ ಜಾಗದಲ್ಲಿ. “ನಾಳೆಯಿಂದ ಅಲ್ಲೇ ತೊಳೆಯಿರಿ. ತೊಳೆಯದೆ ಹಾಕಬೇಡಿ” ಎಂದರು. ನಯವಾದ ಮಾತಿನವರು ಗಟ್ಟಿಯಾಗಿ ಹೇಳಿದರೆ ಇಲ್ಲವೆನ್ನಲು ಆಗುವುದಿಲ್ಲ.

ಮಾರನೆಯ ದಿನ ಊಟವಾದ ಮೇಲೆ ಮಕ್ಕಳೆಲ್ಲ ತಟ್ಟೆ ತೊಳೆದು ಆಟಕ್ಕೆ ಹೋಗಲಿ ಎಂದು ಕಾದೆ. ಹೋದರು. ಮೆಲ್ಲಗೆ ನಲ್ಲಿಯ ಹತ್ತಿರ ಹೋಗಿ, ಎಡಗೈಯಲ್ಲಿ ಅಲೈನರ್, ಬಲಗೈಯಲ್ಲಿ ಕರಡಿ ಚಿತ್ರದ ಬ್ರಶ್ಶು ಹಿಡಿದು ತಿಕ್ಕತೊಡಗಿದೆ. ತಲೆಯೆತ್ತಿ ನೋಡಿದರೆ ಭೂಮಿಕಾ ನಿಂತಿದ್ದಾಳೆ. ಅವಳ ಮುಂದಿನ ಎರಡು ಹಾಲುಹಲ್ಲು ಆ ವಾರವೇ ಬಿದ್ದಿದ್ದವು, ಎರಡು ದಿನದಿಂದ ತುಟಿಯನ್ನೇ ಬಿಚ್ಚಿರಲಿಲ್ಲ.

“ಮಿಸ್, ನಿಮ್ದೂ ಬಿದ್ದೋಯ್ತಾ?” ಎಂದಳು ಕೈಯ ಹಿಂದಿನಿಂದ.

“ಇಲ್ಲ ಕಣಮ್ಮ, ಇದು ಹಲ್ಲಿನ ಅಂಗಿ.”

ಅವಳು ಅಂಗಳದ ಕಡೆ ತಿರುಗಿ ಕೂಗಿದಳು. “ಲೇ, ಬರ್ರೋ! ಮಿಸ್ಸು ಹಲ್ಲಿನ ಅಂಗಿ ಒಗೀತಾವ್ರೆ!” ಆಟ ಬಿಟ್ಟು ಇಡೀ ತರಗತಿ ಓಡಿ ಬಂತು. ಒಬ್ಬನಿಗೆ ಅದನ್ನು ಹಿಂಡಬೇಕಾ ಎಂಬ ಚಿಂತೆ, ಇನ್ನೊಬ್ಬನಿಗೆ ಎಲ್ಲಿ ಒಣಹಾಕುತ್ತೀರಿ ಎಂಬ ಪ್ರಶ್ನೆ. “ಮಹಡಿ ಮೇಲಂತೂ ಅಲ್ಲಪ್ಪ” ಎಂದೆ. ಹೇಳುತ್ತಲೇ ಛತ್ರಿ ಹಿಡಿದು ಕಾವಲು ಕೂತ ಅತ್ತೆ ನೆನಪಾಗಿ ನನಗೆ ತಡೆಯಲಾರದಷ್ಟು ನಗು ಉಕ್ಕಿಬಂತು. ಒಂದು ಕೈಯಲ್ಲಿ ಅಲೈನರ್, ಇನ್ನೊಂದರಲ್ಲಿ ನೊರೆ ತುಂಬಿದ ಬ್ರಶ್ಶು. ಮೇಲೇಳಲು ಕೈಯೇ ಇರಲಿಲ್ಲ. ನಕ್ಕೆ. ಅರ್ಧ ದಾರಿಗೂ ಬಾರದ ಉಬ್ಬುಹಲ್ಲು ಅಷ್ಟನ್ನೂ ಬಿಸಿಲಿಗೆ ತೆರೆದು ಗಟ್ಟಿಯಾಗಿ ನಕ್ಕೆ.

ಅಷ್ಟು ದಿನ ಪಾಠ ಹೇಳಿದ ಮಿಸ್ಸಿನ ಹಲ್ಲನ್ನು ಮಕ್ಕಳು ಪೂರ್ತಿ ನೋಡಿದ್ದೇ ಆಗ. “ಅಬ್ಬಾ! ಎಷ್ಟು ದೊಡ್ಡವು!” ಎಂದಳು ಭೂಮಿಕಾ. ಮೂವತ್ತೈದು ವರ್ಷದ ಹಿಂದಿನ ಕಿಸಕ್ ಎಂಬ ಸದ್ದು ಇನ್ನೇನು ಕೇಳುತ್ತದೆ ಎಂದುಕೊಂಡೆ. ಅವಳು 'ಮಿಸ್' ಎಂದು ನನ್ನ ಸೀರೆ ಹಿಡಿದೆಳೆದಳು. ಬಾಯಿಗೆ ಅಡ್ಡವಾಗಿದ್ದ ಅವಳ ಕೈ ಅದಕ್ಕೇ ಬೇಕಾಗಿ ಕೆಳಗಿಳಿದಿತ್ತು. ಎರಡು ಹಲ್ಲಿಲ್ಲದ ಬೊಚ್ಚು ಬಾಯಿ ತೆರೆದು, ಆಸೆಯಿಂದ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: “ನಂಗೂ ಅಷ್ಟು ದೊಡ್ಡವು ಬತ್ತಾವಾ ಮಿಸ್?”

“ಬತ್ತಾವೆ ಕಣಮ್ಮ, ಯಾಕ್ ಬರಲ್ಲ?” ಎಂದೆ. ಅಷ್ಟಕ್ಕೇ ಎಲ್ಲರೂ ಬಾಯಿ ತೆರೆದು ತಮ್ಮ ತಮ್ಮ ಹಲ್ಲು ತೋರಿಸತೊಡಗಿದರು, ಬಿದ್ದದ್ದು, ಅಲುಗುವುದು, ಹೊಸದಾಗಿ ಮೊಳೆತದ್ದು, ಬೆಲ್ಲ ತಿಂದು ಕರಗಿದ್ದು. ಗಂಟೆ ಹೊಡೆದು ಹೆಡ್‌ಮಾಸ್ಟರು ಬಂದು ನೋಡುವವರೆಗೂ ನಲ್ಲಿಯ ಹತ್ತಿರ ನಗುವೋ ನಗು.

ಇಷ್ಟಾದರೂ ಯಜಮಾನರಿಗೆ ನಾನು ಈ ಸಂಗತಿ ಹೇಳಿಲ್ಲ. ಹೇಳಿದರೆ “ಹಂಗಾದ್ರೆ ಬರೀ ಬ್ರಶ್ಶು ತಗೊಂಡಿದ್ರೆ ಸಾಕಾಗಿತ್ತಲ್ಲೇ” ಎನ್ನುತ್ತಾರೆ. ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ತೆರೆದಿದೆ. ಮುದ್ದೆಗೆ ಅಲೈನರ್ ತೆಗೆಯುತ್ತೇನೆ, ತಣ್ಣೀರಿನಲ್ಲಿ ತೊಳೆಯುತ್ತೇನೆ, ಹಲ್ಲು ದಿನದಿನಕ್ಕೆ ಒಳಗೆ ಸರಿಯುತ್ತಿವೆ. ಭೂಮಿಕಾಗೆ ಹೊಸ ಹಲ್ಲು ಮೊಳೆತಿದೆ, ದಿನವೂ ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಬಂದು ತನ್ನದನ್ನು ನನ್ನದರ ಜೊತೆ ಹೋಲಿಸಿ ನೋಡಿಕೊಂಡು ಹೋಗುತ್ತಾಳೆ. ಮೊನ್ನೆ ನೋಡಿದವಳು ಹುಬ್ಬು ಗಂಟು ಹಾಕಿಕೊಂಡು, “ಮಿಸ್, ನಿಮ್ಮವು ಚಿಕ್ಕವಾಗ್ತಾ ಅವೆ. ಅಷ್ಟೊಂದು ತಿಕ್ಬ್ಯಾಡಿ, ಸವೆದೋಯ್ತಾವೆ” ಎಂದು ಗದರಿಸಿದಳು. ಇಲ್ಲ ಕಣೇ, ಚಿಕ್ಕವಾಗಿಲ್ಲ, ಅವೇ ಇವು, ಸರಿಯಾಗಿ ನೋಡು ಎಂದು, ಇವುಗಳನ್ನು ಒಳಗೆ ತಳ್ಳಲು ಚೀಟಿ ದುಡ್ಡೆಲ್ಲ ಸುರಿದ ನಾನು, ಬಾಯನ್ನು ಇನ್ನಷ್ಟು ಅಗಲವಾಗಿ ತೆರೆದು ತೋರಿಸಿದೆ.